ಕರ್ನಾಟಕದ ಬಯಲುಸೀಮೆಯಲ್ಲಿ ಕರಡಿ–ಮಾನವ ಸಂಘರ್ಷ

ಕರ್ನಾಟಕದ ಬಯಲುಸೀಮೆಯಲ್ಲಿ ಕರಡಿ–ಮಾನವ ಸಂಘರ್ಷ ಎಂಬುದು ಬಳ್ಳಾರಿ, ವಿಜಯನಗರ, ಕೊಪ್ಪಳ, ಚಿತ್ರದುರ್ಗ, ತುಮಕೂರು ಮೊದಲಾದ ಜಿಲ್ಲೆಗಳ ಕಲ್ಲುಗುಡ್ಡಗಳಲ್ಲಿ ವಾಸಿಸುವ ಕರಡಿಗಳಿಗೂ ಆ ಗುಡ್ಡಗಳ ಬುಡದಲ್ಲಿ ಬೇಸಾಯ ಮತ್ತು ಪಶುಪಾಲನೆ ಮಾಡಿಕೊಂಡಿರುವ ಜನರಿಗೂ ನಡುವೆ ನಡೆಯುವ ಮುಖಾಮುಖಿಗಳನ್ನು ಸೂಚಿಸುತ್ತದೆ. ಬೆಳೆ ಹಾನಿ, ಊರೊಳಗೆ ಕರಡಿ ನುಗ್ಗುವುದು, ತೆರೆದ ಬಾವಿಗೆ ಬೀಳುವುದು, ಮನುಷ್ಯರ ಮೇಲಿನ ದಾಳಿ ಹಾಗೂ ಪ್ರತೀಕಾರವಾಗಿ ಕರಡಿಗಳ ಹತ್ಯೆ ಇವೆಲ್ಲವೂ ಇದರಲ್ಲಿ ಸೇರುತ್ತವೆ. ಹುಲಿ, ಚಿರತೆಗಳಂತೆ ಕರಡಿಯು ಮನುಷ್ಯನನ್ನು ಅಥವಾ ಜಾನುವಾರುಗಳನ್ನು ಆಹಾರಕ್ಕಾಗಿ ಬೇಟೆಯಾಡುವುದಿಲ್ಲ. ಅದರ ದಾಳಿಗಳಲ್ಲಿ ಬಹುಪಾಲು ಹಠಾತ್ತಾಗಿ ಎದುರಾದಾಗ ಆತ್ಮರಕ್ಷಣೆಗಾಗಿ ನಡೆಯುವಂಥವು. ಆದ್ದರಿಂದ ಕರಡಿಯನ್ನು ಚಕಿತಗೊಳಿಸದಿರುವುದೇ ಸುರಕ್ಷತಾ ಕ್ರಮಗಳ ತಿರುಳಾಗಿದೆ.

ಪ್ರಾಣಿಯ ಪರಿಚಯ

ಭಾರತದಲ್ಲಿ ನಾಲ್ಕು ಜಾತಿಯ ಕರಡಿಗಳಿವೆ. ಹಿಮಾಲಯದ ಕಪ್ಪು ಕರಡಿ, ಕಂದು ಕರಡಿ ಮತ್ತು ಈಶಾನ್ಯ ರಾಜ್ಯಗಳ ಸೂರ್ಯ ಕರಡಿಗಳನ್ನು ಬಿಟ್ಟರೆ ಉಳಿಯುವುದು ದಕ್ಷಿಣ ಭಾರತದಲ್ಲಿ ಕಾಣುವ ಏಕೈಕ ಜಾತಿಯಾದ ಸ್ಲಾತ್ ಕರಡಿ. ಕನ್ನಡದಲ್ಲಿ ಕರಡಿ ಎಂದಷ್ಟೇ ಹೇಳಿದಾಗ ಉದ್ದೇಶಿಸುವುದು ಇದನ್ನೇ. ಇದರ ವೈಜ್ಞಾನಿಕ ಹೆಸರು ಮೆಲರ್ಸಸ್ ಅರ್ಸಿನಸ್. ಮೈಬಣ್ಣ ಕಪ್ಪಾಗಿರುವುದರಿಂದ ಹಳೆಯ ಶಿಕಾರಿ ಸಾಹಿತ್ಯದಲ್ಲಿ ಇದನ್ನೂ 'ಕಪ್ಪು ಕರಡಿ' ಎಂದೇ ಕರೆದಿರುವುದುಂಟು. ಆದರೆ ಹಿಮಾಲಯದ ಹಾಗೂ ಜಪಾನಿನ ಕಪ್ಪು ಕರಡಿ ಬೇರೆಯೇ ಜಾತಿಯದು.

1791ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಈ ಪ್ರಾಣಿಯನ್ನು ಮೊದಲ ಬಾರಿಗೆ ವಿವರಿಸಿದನು. ಉದ್ದನೆಯ ಉಗುರು ಮತ್ತು ಹಲ್ಲಿನ ವಿಚಿತ್ರ ರಚನೆಯನ್ನು ಕಂಡು ಇದು ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಮರವಾಸಿ ಪ್ರಾಣಿಯ ಬಂಧುವೆಂದು ಭಾವಿಸಿ ಅದೇ ಕುಲದಲ್ಲಿ ಸೇರಿಸಿದನು. ತಪ್ಪು ಬೇಗನೆ ತಿದ್ದಲ್ಪಟ್ಟರೂ ಸ್ಲಾತ್ ಎಂಬ ಹೆಸರು ಮಾತ್ರ ಉಳಿದುಕೊಂಡಿತು. ಸೋಮಾರಿತನಕ್ಕೂ ಈ ಕರಡಿಗೂ ಸಂಬಂಧವಿಲ್ಲ. ಅಗತ್ಯ ಬಿದ್ದಾಗ ಇದು ಮನುಷ್ಯನಿಗಿಂತ ವೇಗವಾಗಿ ಓಡಬಲ್ಲದು.

ಗಂಡು ಕರಡಿ ಸುಮಾರು 80ರಿಂದ 145 ಕಿಲೋಗ್ರಾಂ, ಹೆಣ್ಣು 55ರಿಂದ 95 ಕಿಲೋಗ್ರಾಂ ತೂಗುತ್ತದೆ. ಜೋಲಾಡುವ ಒರಟು ಕಪ್ಪು ಕೂದಲು, ಮಾಸಲು ಬಣ್ಣದ ಮೂತಿ, ಎದೆಯ ಮೇಲೆ ಕುದುರೆಲಾಳದಂತಹ ಬಿಳಿಯ ಗುರುತು ಇದರ ಲಕ್ಷಣಗಳು. ಆಹಾರದಲ್ಲಿ ಮುಖ್ಯವಾದವು ಗೆದ್ದಲು, ಇರುವೆ, ಜೇನು ಮತ್ತು ಹಣ್ಣುಗಳು. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇಲ್ಲದಿರುವುದರಿಂದ ಅಲ್ಲೊಂದು ಸಂದು ಏರ್ಪಟ್ಟಿರುತ್ತದೆ. ಕರಡಿಯು ಉಗುರುಗಳಿಂದ ಹುತ್ತವನ್ನು ಬಗೆದು, ಮೊದಲು ಮಣ್ಣನ್ನು ಊದಿ ಚೆಲ್ಲಿ, ಬಳಿಕ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು ಈ ಸಂದಿನ ಮೂಲಕ ಗೆದ್ದಲುಗಳನ್ನು ಹೀರುತ್ತದೆ. ಹೀರುವ ಸದ್ದು ನೂರು ಮೀಟರಿಗೂ ಹೆಚ್ಚು ದೂರ ಕೇಳಿಸುತ್ತದೆ. ಈ ವಿವರ ಕೇವಲ ಕುತೂಹಲದ್ದಲ್ಲ. ತನ್ನದೇ ಗದ್ದಲದಲ್ಲಿ ಮುಳುಗಿರುವ ಕರಡಿಗೆ ಹತ್ತಿರ ಬರುವ ಮನುಷ್ಯನ ಹೆಜ್ಜೆಯ ಸದ್ದು ಕೇಳಿಸದೆ ಹೋಗುವುದು ದಾಳಿಗಳಿಗೆ ಒಂದು ಮುಖ್ಯ ಕಾರಣ.

ಹುತ್ತ ಬಗೆಯಲು ಬೆಳೆದ ಉಗುರುಗಳು 6ರಿಂದ 10 ಸೆಂಟಿಮೀಟರ್ ಉದ್ದವಿರುತ್ತವೆ. ಬೆಕ್ಕಿನ ಉಗುರಿನಂತೆ ಒಳಕ್ಕೆ ಸರಿಯುವುದಿಲ್ಲ. ಘ್ರಾಣಶಕ್ತಿ ಬಹಳ ಚುರುಕಾಗಿದ್ದರೂ ದೃಷ್ಟಿ ಮತ್ತು ಶ್ರವಣಶಕ್ತಿ ಅಷ್ಟಾಗಿ ಇಲ್ಲ. ಶೀತ ಪ್ರದೇಶದ ಕರಡಿಗಳಂತೆ ಇವು ಚಳಿಗಾಲದ ದೀರ್ಘನಿದ್ರೆ ಮಾಡುವುದಿಲ್ಲವಾದ್ದರಿಂದ ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಓಡಾಡುತ್ತಿರುತ್ತವೆ. ಬೇಸಿಗೆಯಲ್ಲಿ ಕೂಡಿ, ಬಹುತೇಕ ಡಿಸೆಂಬರ್–ಜನವರಿಯ ಹೊತ್ತಿಗೆ ಗವಿಯೊಳಗೆ ಮರಿ ಹಾಕುತ್ತವೆ. ಸಾಮಾನ್ಯವಾಗಿ ಒಂದು ಅಥವಾ ಎರಡು ಮರಿಗಳು. ಗವಿಯಿಂದ ಹೊರಬಂದ ಮರಿಗಳನ್ನು ತಾಯಿ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಇತರ ಜಾತಿಯ ಕರಡಿಗಳಲ್ಲಿ ಈ ವರ್ತನೆ ಹೀಗೆ ರೂಢಿಯಾಗಿಲ್ಲ. ಮರಿಗಳು ಎರಡು ವರ್ಷಕ್ಕೂ ಮೇಲ್ಪಟ್ಟು ತಾಯಿಯೊಂದಿಗೇ ಇರುವುದರಿಂದ, ಯಾವ ಕಾಲದಲ್ಲಿ ನೋಡಿದರೂ ಒಂದು ಗುಡ್ಡದಲ್ಲಿ ಮರಿ ಸಮೇತವಾದ ಹೆಣ್ಣು ಕರಡಿ ಇರುವ ಸಂಭವವಿದೆ.

ನೆಲೆಗಳು

ಬಯಲುಸೀಮೆಯ ಕರಡಿಗೆ ದಟ್ಟ ಕಾಡಿಗಿಂತಲೂ ಮುಖ್ಯವಾದುದು ಬಂಡೆ. ತುಂಗಭದ್ರೆಯ ಎರಡೂ ದಡಗಳಲ್ಲಿ, ಹಂಪಿ, ಆನೆಗೊಂದಿ, ದರೋಜಿ, ಸಂಡೂರು, ಕೂಡ್ಲಿಗಿಯ ಕಡೆ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗ್ರಾನೈಟ್ ಗುಂಡುಗಳ ನಡುವಿನ ಪೊಟರೆಗಳು ಹಗಲಿನ ಬಿಸಿಲಿನಲ್ಲಿ ತಂಪಾಗಿರುತ್ತವೆ. ಕರಡಿಗಳು ಹಗಲು ಅಲ್ಲಿ ಮಲಗಿ ಇಳಿಹೊತ್ತಿನಲ್ಲಿ ಕೆಳಗಿಳಿಯುತ್ತವೆ. ಗುಡ್ಡದ ಬುಡದ ಕುರುಚಲು ಕಾಡಿನಲ್ಲಿ ಕವಳೆ, ಬೋರೆ, ಜಾನೆ, ಉಲುಪಿ, ಕಾರೆ, ನೇರಳೆ, ಸೀತಾಫಲದಂತಹ ಹಣ್ಣುಗಳು ಕಾಲಕ್ಕೊಂದರಂತೆ ಒದಗುತ್ತವೆ.

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಲೋಕಾಪುರ ಹಾಗೂ ಅದರ ಸುತ್ತಲಿನ ಜಮಖಂಡಿ, ಬೀಳಗಿ, ರಬಕವಿ–ಬನಹಟ್ಟಿ ಭಾಗ ಇದಕ್ಕಿಂತ ಭಿನ್ನವಾದ ನೆಲ. ಇಲ್ಲಿರುವುದು ಕಲಾದಗಿ ಶಿಲಾವರ್ಗದ ಸುಣ್ಣಕಲ್ಲು, ಮರಳುಗಲ್ಲುಗಳು. ಭೂವಿಜ್ಞಾನಿಗಳು ಈ ವರ್ಗದ ಒಂದು ಉಪವಿಭಾಗಕ್ಕೆ ಲೋಕಾಪುರದ ಹೆಸರನ್ನೇ ಇಟ್ಟಿದ್ದಾರೆ. ಘಟಪ್ರಭೆ, ಕೃಷ್ಣೆಯರ ನೀರಾವರಿಯ ಕಬ್ಬಿನ ಬಯಲು ಒಂದೆಡೆಯಾದರೆ, ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳಲ್ಲಿ ಹರಡಿರುವ 96.36 ಚದರ ಕಿಲೋಮೀಟರ್ ವಿಸ್ತಾರದ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಇನ್ನೊಂದೆಡೆ ಇದೆ. ಚಿಂಕಾರ, ತೋಳಗಳಿಗೆ ಹೆಸರಾದ ಈ ಪ್ರದೇಶ ಕರಡಿಯ ಮುಖ್ಯ ನೆಲೆಯಲ್ಲ. ಆದರೆ ಇಲ್ಲಿಂದ ಹಂಪಿ, ಅಂಜನಾದ್ರಿ, ಹುಲಿಗಿಗಳಿಗೆ ಹೋಗುವ ಯಾತ್ರಿಕರು ಇಳಕಲ್ಲು, ಕುಷ್ಟಗಿಗಳನ್ನು ದಾಟುತ್ತಿದ್ದಂತೆ ಗ್ರಾನೈಟ್ ಸೀಮೆಯನ್ನೂ, ಅದರೊಂದಿಗೆ ಕರಡಿಯ ಸೀಮೆಯನ್ನೂ ಸಮೀಪಿಸುತ್ತಾರೆ.

ರಾಜ್ಯದಲ್ಲಿ ಕರಡಿಗಾಗಿಯೇ ಮೀಸಲಾದ ಧಾಮಗಳಲ್ಲಿ ದರೋಜಿ ಪ್ರಸಿದ್ಧವಾದುದು. 1994ರ ಅಕ್ಟೋಬರ್ 17ರಂದು ಬಿಳಿಕಲ್ಲು ಅರಣ್ಯದ ಸುಮಾರು 55.87 ಚದರ ಕಿಲೋಮೀಟರ್ ಪ್ರದೇಶವನ್ನು ಧಾಮವೆಂದು ಘೋಷಿಸಲಾಯಿತು. ಬಳಿಕ ಬುಕ್ಕಸಾಗರದ ಅರಣ್ಯವೂ ಸೇರಿ ವಿಸ್ತಾರ 82.72 ಚದರ ಕಿಲೋಮೀಟರಿಗೆ ಏರಿತು. ಹಂಪಿಯಿಂದ ಇದು ಸುಮಾರು 15 ಕಿಲೋಮೀಟರ್ ದೂರದಲ್ಲಿದೆ. ಇದನ್ನು ಏಷ್ಯಾದ ಮೊದಲ ಕರಡಿಧಾಮ ಎಂದು ಹಲವೆಡೆ ಬರೆಯಲಾಗಿದೆಯಾದರೂ ಆ ಮಾತು ನಿಲ್ಲುವುದಿಲ್ಲ. ಗುಜರಾತಿನ ಜೆಸ್ಸೋರ್ ಕರಡಿಧಾಮ 1978ರಷ್ಟು ಹಿಂದೆಯೇ ಸ್ಥಾಪಿತವಾಗಿತ್ತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮ 2013ರಲ್ಲಿ ಅಸ್ತಿತ್ವಕ್ಕೆ ಬಂದಿತು.

ದರೋಜಿಯಲ್ಲಿ ಅರಣ್ಯ ಸಿಬ್ಬಂದಿ ಮಧ್ಯಾಹ್ನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕವನ್ನು ಸವರುತ್ತಾರೆ. ಅದನ್ನು ನೆಕ್ಕಲು ಬರುವ ಕರಡಿಗಳನ್ನು ಎದುರಿನ ವೀಕ್ಷಣಾ ಗೋಪುರದಿಂದ ಸಂಜೆಯವರೆಗೆ ನೋಡಬಹುದು. ಕಾಡಿನ ಕರಡಿಯನ್ನು ಅಪಾಯವಿಲ್ಲದೆ ಹಗಲು ಬೆಳಕಿನಲ್ಲಿ ಕಾಣಬಹುದಾದ ಸ್ಥಳಗಳು ದೇಶದಲ್ಲಿ ವಿರಳ. ಈ ಮಟ್ಟಿಗೆ ದರೋಜಿಯ ಕೊಡುಗೆ ದೊಡ್ಡದು. ಆದರೆ ಮನುಷ್ಯ ಇಟ್ಟ ಸಿಹಿಗೆ ವನ್ಯಪ್ರಾಣಿಯನ್ನು ಒಗ್ಗಿಸುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆ ಉಳಿದೇ ಇದೆ. ಧಾಮದ ಹೊರಗೆ ಪ್ರವಾಸಿಗರಾಗಲೀ ಭಕ್ತರಾಗಲೀ ಇದನ್ನು ಅನುಕರಿಸುವುದು ಖಂಡಿತ ಅಪಾಯಕರ.

ಸಂಘರ್ಷದ ಕಾರಣಗಳು

ಧಾಮಗಳ ಎಲ್ಲೆಯೊಳಗೆ ಇರುವುದು ಕರಡಿಗಳ ಒಂದು ಭಾಗ ಮಾತ್ರ. ಕಂದಾಯ ಭೂಮಿಯ ನಡುವೆ ದ್ವೀಪಗಳಂತೆ ಎದ್ದಿರುವ ಒಂಟಿ ಗುಡ್ಡಗಳಲ್ಲೂ ಕರಡಿಗಳಿವೆ. ಅಲ್ಲಿ ಗುಡ್ಡದ ಬುಡದಿಂದಲೇ ಹೊಲ ಆರಂಭವಾಗುತ್ತದೆ. ಮೆಕ್ಕೆಜೋಳ, ಶೇಂಗಾ, ಕಬ್ಬು, ಬಾಳೆ, ಕಲ್ಲಂಗಡಿ ಇವೆಲ್ಲ ಕರಡಿಗೆ ಪ್ರಿಯವಾದವು. ಬೇಸಿಗೆಯಲ್ಲಿ ಗುಡ್ಡದ ದೊಣೆಗಳು ಬತ್ತಿದಾಗ ಹೊಲದ ಹೊಂಡ, ಕಾಲುವೆ, ದನದ ತೊಟ್ಟಿಗಳೇ ನೀರಿನ ಆಸರೆಯಾಗುತ್ತವೆ. ಕೆರೆಯಂಗಳಗಳಲ್ಲಿ ಮತ್ತು ಬೀಳು ಭೂಮಿಯಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯ ಮೆಳೆಗಳು ಕರಡಿಗೆ ಗುಡ್ಡದಿಂದ ಊರಿನವರೆಗೂ ಮರೆ ಒದಗಿಸುತ್ತವೆ.

ಕಲ್ಲು ಗಣಿಗಾರಿಕೆಯ ಪಾತ್ರ ಪ್ರತ್ಯೇಕವಾಗಿ ಗಮನಾರ್ಹ. ಮರ ಕಡಿದ ಕಾಡು ಕಾಲಕ್ರಮದಲ್ಲಿ ಮತ್ತೆ ಬೆಳೆದೀತು. ಆದರೆ ಸಿಡಿಸಿ ಸಾಗಿಸಿದ ಬಂಡೆಯ ಪೊಟರೆ ಮರಳಿ ಹುಟ್ಟುವುದಿಲ್ಲ. ಕೊಪ್ಪಳ, ಬಾಗಲಕೋಟೆ, ಬಳ್ಳಾರಿ ಸೀಮೆಯ ಗ್ರಾನೈಟಿಗೆ ಹೊರದೇಶಗಳಲ್ಲೂ ಬೇಡಿಕೆಯಿದೆ. ಸಂಡೂರು–ಹೊಸಪೇಟೆಯ ಬೆಟ್ಟಗಳಲ್ಲಿ 2000ದ ದಶಕದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಮಿತಿಮೀರಿ ನಡೆದು, 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಬೇಕಾಯಿತು. ಸ್ಫೋಟದ ಸದ್ದು, ಲಾರಿಗಳ ಓಡಾಟ ಮತ್ತು ಧೂಳು ಪ್ರಾಣಿಗಳನ್ನು ಹೊಸ ಜಾಗಗಳಿಗೆ ತಳ್ಳುತ್ತವೆ. ಹೊಸ ಜಾಗ ಎಂದರೆ ಬಹುಪಾಲು ಯಾರದೋ ಹೊಲ.

ಮನುಷ್ಯರ ಕಡೆಯಿಂದ ನೋಡಿದರೆ, ಕರಡಿಯ ಹೊತ್ತು ಮತ್ತು ರೈತನ ಹೊತ್ತು ಒಂದೇ ಆಗಿರುವುದು ಸಮಸ್ಯೆಯ ಮೂಲ. ಕೃಷಿ ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ವಿದ್ಯುತ್ತು ಪಾಳಿಯ ಮೇಲೆ ದೊರೆಯುತ್ತದೆ. ರಾತ್ರಿ ಪಾಳಿ ಬಂದಾಗ ರೈತ ಸರಿಹೊತ್ತಿನಲ್ಲಿ ಎದ್ದು ಒಬ್ಬನೇ ನೀರು ಹಾಯಿಸಲು ಹೋಗುತ್ತಾನೆ. ಸೊಂಟದೆತ್ತರದ ಬೆಳೆಯಲ್ಲಿ ಮಡೆ ತಿರುವಲು ಬಗ್ಗಿ ನಿಂತವನಿಗೆ ಹತ್ತು ಮಾರಿನಾಚೆಯ ಕರಡಿ ಕಾಣುವುದಿಲ್ಲ. ಕರಡಿಗೂ ಅವನು ಕಾಣುವುದಿಲ್ಲ. ಹಗಲು ಹೊತ್ತು ವಿದ್ಯುತ್ತು ಕೊಡಬೇಕೆಂಬ ರೈತರ ಬೇಡಿಕೆಗೆ ಬೇರೆ ಕಾರಣಗಳೊಂದಿಗೆ ಹಾವು, ಕರಡಿ, ಚಿರತೆಗಳ ಭಯವೂ ಒಂದು ಕಾರಣ. ನಸುಕಿನಲ್ಲಿ ಬಹಿರ್ದೆಸೆಗೆ ಹೋಗುವವರು, ಗುಡ್ಡದಲ್ಲಿ ಸೀತಾಫಲ ಮತ್ತು ಸೌದೆ ಆಯುವ ಮಹಿಳೆಯರು, ಕುರಿ–ಮೇಕೆ ಮೇಯಿಸುವವರು ಕೂಡ ಇದೇ ರೀತಿ ಅಪಾಯಕ್ಕೆ ಒಡ್ಡಿಕೊಂಡವರು.

ದಾಳಿಯ ಸ್ವರೂಪ

ಆಹಾರಕ್ಕಾಗಿ ಕೊಲ್ಲದ ಪ್ರಾಣಿ ಇಷ್ಟು ಉಗ್ರವಾಗಿ ಏಕೆ ಎರಗುತ್ತದೆ ಎಂಬುದಕ್ಕೆ ಜೀವವಿಜ್ಞಾನಿಗಳು ಕೊಡುವ ವಿವರಣೆಯೊಂದಿದೆ. ಸ್ಲಾತ್ ಕರಡಿಯು ಹುಲಿ ಮತ್ತು ಚಿರತೆಗಳ ಜೊತೆಯಲ್ಲಿ ವಿಕಾಸಗೊಂಡಿತು. ಬಯಲು ಕುರುಚಲಿನಲ್ಲಿ ಮರಿಗಳನ್ನು ಬೆನ್ನ ಮೇಲಿಟ್ಟುಕೊಂಡು ತಿರುಗುವ ಪ್ರಾಣಿಗೆ ಮರ ಹತ್ತಿ ಪಾರಾಗುವ ಅವಕಾಶ ಕಡಿಮೆ. ಹುಲಿಯಿಂದ ಓಡಿ ಗೆಲ್ಲುವುದೂ ಸಾಧ್ಯವಿಲ್ಲ. ಹೀಗಾಗಿ ಅಪಾಯ ಹತ್ತಿರವಾದಾಗ ಓಡದೆ, ಸದ್ದು ಮಾಡುತ್ತ ಮುನ್ನುಗ್ಗುವುದೇ ಅದರ ರಕ್ಷಣಾ ಕ್ರಮವಾಯಿತು. ಹುಲಿಯ ಎದುರು ಫಲ ಕೊಟ್ಟ ಈ ವರ್ತನೆಯು ಬರಿಗೈಯ ಮನುಷ್ಯನ ಎದುರು ಭೀಕರ ಪರಿಣಾಮ ಉಂಟುಮಾಡುತ್ತದೆ.

ದಾಳಿ ಸಾಮಾನ್ಯವಾಗಿ ಕ್ಷಣಮಾತ್ರದ್ದು. ಕರಡಿ ಎದುರಿನವನನ್ನು ಕೆಡವಿ, ಪರಚಿ, ಕಚ್ಚಿ ಓಡಿಹೋಗುತ್ತದೆ. ಗಾಯಗಳು ಹೆಚ್ಚಾಗಿ ತಲೆ, ಮುಖ ಮತ್ತು ಕೈಗಳಿಗೆ ಆಗುತ್ತವೆ. ಮಧ್ಯಪ್ರದೇಶದಲ್ಲಿ 1989ರ ಏಪ್ರಿಲ್‌ನಿಂದ 1994ರ ಮಾರ್ಚ್‌ವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದರ ಪ್ರಕಾರ ಕರಡಿ ದಾಳಿಗೆ ತುತ್ತಾದ 735 ಜನರಲ್ಲಿ ಮೃತಪಟ್ಟವರು 48. ಈಗಿನ ಛತ್ತೀಸಗಢದ ಬಿಲಾಸ್‌ಪುರ ಭಾಗದಲ್ಲಿ 1998ರ ಏಪ್ರಿಲ್‌ನಿಂದ 2000ದ ಡಿಸೆಂಬರ್‌ವರೆಗೆ ದಾಖಲಾದ 137 ದಾಳಿಗಳಲ್ಲಿ 11 ಜನ ಸತ್ತರು. ಸಾವಿನ ಪ್ರಮಾಣ ಕಡಿಮೆ ಎನಿಸಬಹುದಾದರೂ ಈ ಅಂಕಿಗಳು ಇನ್ನೊಂದನ್ನೂ ಹೇಳುತ್ತವೆ: ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಬದುಕಿ ಉಳಿಯುತ್ತಾರೆ, ಮತ್ತು ಅವರಲ್ಲಿ ಹಲವರು ಕಣ್ಣು, ಮೂಗು, ದವಡೆಗಳನ್ನು ಕಳೆದುಕೊಂಡು ಬದುಕಬೇಕಾಗುತ್ತದೆ. ಕೂಲಿ ಮಾಡುವ ಶಕ್ತಿ ಹೋಗುವುದು, ಜನರೆದುರು ಮುಖ ತೋರಿಸಲು ಹಿಂಜರಿಯುವುದು, ಮತ್ತೆ ಹೊಲಕ್ಕೆ ಹೋಗಲು ಅಂಜುವುದು ಇವು ಯಾವ ಅಂಕಿಅಂಶದಲ್ಲೂ ಸೇರುವುದಿಲ್ಲ.

ಸಾಮಾನ್ಯ ನಿಯಮಕ್ಕೆ ಅಪವಾದವೆಂಬಂತೆ ಉಲ್ಲೇಖಿಸಲಾಗುವುದು ಹಳೆಯ ಮೈಸೂರು ಸಂಸ್ಥಾನದ ಅರಸೀಕೆರೆ ಬಳಿಯ ಒಂಟಿ ಕರಡಿಯ ಪ್ರಕರಣ. ಬೆಂಗಳೂರಿನ ಬೇಟೆಗಾರ–ಲೇಖಕ ಕೆನೆತ್ ಆಂಡರ್ಸನ್ 1957ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದರ ಕಥೆಯನ್ನು ಹೇಳಿದ್ದು, ಅದು ಕನಿಷ್ಠ 12 ಜನರನ್ನು ಕೊಂದು ಅದರ ಎರಡರಷ್ಟು ಜನರನ್ನು ಗಾಯಗೊಳಿಸಿತ್ತು ಎಂದು ಬರೆದಿದ್ದಾರೆ. ಕೊನೆಗೆ ಅದನ್ನು ಕೊಂದವರೂ ಅವರೇ. ಆಂಡರ್ಸನ್ನರ ಬರಹಗಳು ಕನ್ನಡದ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು' ಮಾಲಿಕೆಯ ಮೂಲಕ ಪರಿಚಿತ. ಶಿಕಾರಿ ಕಥನಗಳನ್ನು ವೈಜ್ಞಾನಿಕ ದಾಖಲೆಯೆಂದು ಓದಲಾಗದಿದ್ದರೂ, ಒಂದು ಕರಡಿ ಇಡೀ ಸೀಮೆಯ ಜನರ ನಿದ್ದೆಗೆಡಿಸಬಲ್ಲುದೆಂಬುದಕ್ಕೆ ಇದು ಸಾಕ್ಷಿಯಾಗಿದೆ.

ಸುರಕ್ಷತಾ ಕ್ರಮಗಳು

ಕರಡಿ ಇರುವ ಪ್ರದೇಶದಲ್ಲಿ ಒಂಟಿಯಾಗಿ ಓಡಾಡದೆ ಗುಂಪಾಗಿ, ಮಾತನಾಡುತ್ತ ನಡೆಯುವುದು ಎಲ್ಲಕ್ಕಿಂತ ಪರಿಣಾಮಕಾರಿಯಾದ ಕ್ರಮ. ಮನುಷ್ಯರ ಧ್ವನಿ ದೂರದಿಂದಲೇ ಕೇಳಿಸಿದರೆ ಕರಡಿ ಬಹುಮಟ್ಟಿಗೆ ತಾನಾಗಿಯೇ ಸರಿದುಹೋಗುತ್ತದೆ. ಒಬ್ಬರೇ ಹೋಗಬೇಕಾದಾಗ ಗೆಜ್ಜೆ ಕಟ್ಟಿದ ಕೋಲನ್ನು ಕುಟ್ಟುತ್ತ, ಅಥವಾ ಆಗಾಗ ಕೂಗುಹಾಕುತ್ತ ಸಾಗಬಹುದು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹೋಗುವುದು ಎರಡು ರೀತಿಯಲ್ಲಿ ಕೆಡುಕು: ಹೋಗುವವನಿಗೆ ಕರಡಿಯ ಸದ್ದು ಕೇಳಿಸುವುದಿಲ್ಲ, ಅವನಿಂದಲೂ ಸದ್ದು ಹೊರಡುವುದಿಲ್ಲ. ಕತ್ತಲಲ್ಲಿ ಪ್ರಖರವಾದ ಬ್ಯಾಟರಿ ದೀಪ ಅಗತ್ಯ. ಹೊಲಕ್ಕೆ ಇಳಿಯುವ ಮೊದಲು ಬದುವಿನ ಮೇಲೆ ನಿಂತು ಬೆಳಕು ಬಿಟ್ಟು, ಸದ್ದು ಮಾಡಿ, ಸ್ವಲ್ಪ ಹೊತ್ತು ಕಾದು ನಂತರ ಒಳಗೆ ಹೋಗುವುದು ಒಳ್ಳೆಯದು.

ಹೊಸದಾಗಿ ಬಗೆದ ಹುತ್ತ, ಹಣ್ಣಿನ ಬೀಜಗಳಿಂದ ತುಂಬಿದ ಲದ್ದಿ, ಮರದ ಕಾಂಡದ ಮೇಲಿನ ಉಗುರಿನ ಗೀರುಗಳು ಕರಡಿ ಸಮೀಪದಲ್ಲಿರುವುದರ ಸೂಚನೆಗಳು. ಅಂತಹ ಜಾಗದಲ್ಲಿ ಪೊದೆಯೊಳಗೆ ಅಥವಾ ಬಂಡೆಯ ಸಂದಿಗೆ ಕೈ ಹಾಕಬಾರದು. ಗವಿಯೊಳಗೆ ಕಲ್ಲೆಸೆದು ನೋಡುವ ಚಟ ಜೀವಕ್ಕೆ ಎರವಾಗಬಹುದು. ಮರಿಗಳು ಮಾತ್ರ ಕಂಡರೆ ತಾಯಿ ಹತ್ತಿರದಲ್ಲೇ ಇದೆಯೆಂದು ತಿಳಿಯಬೇಕು. ಕಟ್ಟಿರದ ನಾಯಿಯನ್ನು ಕರೆದೊಯ್ಯುವುದರಿಂದ ರಕ್ಷಣೆ ದೊರೆಯುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಆದರೆ ಕರಡಿಯನ್ನು ಕೆಣಕಿದ ನಾಯಿ ಹೆದರಿ ಒಡೆಯನ ಕಡೆಗೇ ಓಡಿಬಂದಾಗ ಬೆನ್ನಟ್ಟಿದ ಕರಡಿಯೂ ಅಲ್ಲಿಗೇ ಬರುತ್ತದೆ.

ಕರಡಿ ದೂರದಲ್ಲಿ ಕಂಡು, ಅದು ಇನ್ನೂ ಮನುಷ್ಯನನ್ನು ಗಮನಿಸಿರದಿದ್ದರೆ ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ಗಮನಿಸಿದ್ದರೆ ಓಡಬಾರದು. ಮುಖವನ್ನು ಅದರ ಕಡೆಗೇ ಇಟ್ಟುಕೊಂಡು, ಮೆಲುದನಿಯಲ್ಲಿ ಮಾತನಾಡುತ್ತ ನಿಧಾನವಾಗಿ ಹಿಂದಕ್ಕೆ ಹೆಜ್ಜೆಯಿಡುತ್ತ ಅದಕ್ಕೆ ತಪ್ಪಿಸಿಕೊಳ್ಳುವ ದಾರಿ ಬಿಡಬೇಕು. ಕರಡಿ ಹಿಂಗಾಲುಗಳ ಮೇಲೆ ಎದ್ದು ನಿಲ್ಲುವುದು ಹಲವು ಬಾರಿ ವಾಸನೆ ಹಿಡಿದು ಎದುರಿರುವುದೇನೆಂದು ತಿಳಿಯಲಿಕ್ಕಾಗಿ. ಅದನ್ನೇ ದಾಳಿಯೆಂದು ಭಾವಿಸಿ ಕಲ್ಲೆಸೆದರೆ ದಾಳಿ ನಿಜವಾಗುತ್ತದೆ. ಮರ ಹತ್ತುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಜೇನಿಗಾಗಿ ಮರ ಹತ್ತುವುದು ಕರಡಿಗೆ ನಿತ್ಯದ ಕೆಲಸ.

ಮೈಮೇಲೆ ಬಿದ್ದಾಗ ಮಾಡಬೇಕಾದುದು ತಲೆ, ಮುಖ ಮತ್ತು ಕುತ್ತಿಗೆಯ ರಕ್ಷಣೆ. ಬೋರಲಾಗಿ ಮಲಗಿ, ಮುಖವನ್ನು ನೆಲಕ್ಕೆ ಒತ್ತಿ, ಎರಡೂ ಕೈಬೆರಳುಗಳನ್ನು ಹೆಣೆದು ಕತ್ತಿನ ಹಿಂಭಾಗವನ್ನು ಮುಚ್ಚಿಕೊಂಡು, ಕರಡಿ ದೂರ ಹೋಗುವವರೆಗೆ ಅಲುಗದೆ ಇರಬೇಕೆಂದು ತಜ್ಞರು ಸಲಹೆ ನೀಡುತ್ತಾರೆ. ಸತ್ತಂತೆ ಮಲಗಿದ ಗೆಳೆಯನನ್ನು ಕರಡಿ ಮೂಸಿ ಹೋದ ಶಾಲಾಪುಸ್ತಕದ ಕಥೆಯನ್ನು ಕೇಳಿ ಬೆಳೆದವರು ಇದನ್ನು ಬಲ್ಲರು. ಆದರೆ ಕಥೆಯಲ್ಲಿರುವಂತೆ ಉಸಿರು ಬಿಗಿಹಿಡಿಯುವುದು ಮುಖ್ಯವಲ್ಲ. ಹೋರಾಡದಿರುವುದು ಮತ್ತು ಮುಖ ಮರೆಮಾಡುವುದು ಮುಖ್ಯ. ಕರಡಿ ಹೋಯಿತೆಂದು ಕೂಡಲೇ ಎದ್ದರೆ ಅದು ಮರಳಿ ಎರಗಬಹುದು.

ಗಾಯಾಳುವಿನ ಉಸಿರಾಟದ ದಾರಿ ರಕ್ತದಿಂದ ಕಟ್ಟದಂತೆ ಒಂದು ಮಗ್ಗುಲಿಗೆ ಮಲಗಿಸಿ, ಶುದ್ಧ ಬಟ್ಟೆಯಿಂದ ಗಾಯವನ್ನು ಒತ್ತಿಹಿಡಿದು 108 ಆಂಬುಲೆನ್ಸ್ ಮೂಲಕ ಆಸ್ಪತ್ರೆಗೆ ಸಾಗಿಸಬೇಕು. ಹರಿಶಿನ, ಸುಣ್ಣ, ಕಾಫಿಪುಡಿ ಮೆತ್ತುವುದರಿಂದ ಸೋಂಕು ಹೆಚ್ಚುತ್ತದೆ. ಕಾಡುಪ್ರಾಣಿಯ ಕಡಿತವನ್ನು ರೇಬೀಸ್ ದೃಷ್ಟಿಯಿಂದ ಅತಿ ಗಂಭೀರ ವರ್ಗಕ್ಕೆ ಸೇರಿಸಲಾಗಿದೆ. ಆದ್ದರಿಂದ ಗಾಯವನ್ನು ಸಾಬೂನು ನೀರಿನಿಂದ ತೊಳೆಯುವುದು, ರೇಬೀಸ್ ಲಸಿಕೆಯೊಂದಿಗೆ ಇಮ್ಯುನೋಗ್ಲಾಬ್ಯುಲಿನ್ ಹಾಗೂ ಧನುರ್ವಾಯು ಚುಚ್ಚುಮದ್ದು ಪಡೆಯುವುದು ಅವಶ್ಯ. ಕರಡಿ ದಾಳಿಯ ಸಂಭ್ರಮದಲ್ಲಿ ಲಸಿಕೆಯ ಮಾತು ಮರೆತುಹೋಗದಂತೆ ಮನೆಯವರು ವೈದ್ಯರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಊರಿಗೆ ಬಂದ ಕರಡಿ

ಗುಡ್ಡದ ಬುಡದ ಪಟ್ಟಣಗಳ ಹೊರವಲಯಕ್ಕೆ ಕರಡಿ ರಾತ್ರಿ ಬಂದು ನಸುಕಿಗೆ ಮರಳುವುದು ಅಪರೂಪವಲ್ಲ. ಹಣ್ಣಿನ ತೋಟ, ಆಲೆಮನೆ, ಕಸದ ತಿಪ್ಪೆ, ದೇವಸ್ಥಾನಗಳ ಎಣ್ಣೆ ಮತ್ತು ಪ್ರಸಾದದ ವಾಸನೆ ಅದನ್ನು ಸೆಳೆಯುತ್ತವೆ. ಬೆಳಕು ಹರಿಯುವುದರೊಳಗೆ ಮರಳಲಾಗದೆ ಮೋರಿಯಲ್ಲೋ ಜಾಲಿ ಮೆಳೆಯಲ್ಲೋ ಉಳಿದುಕೊಂಡಾಗ ತೊಂದರೆ ಆರಂಭವಾಗುತ್ತದೆ. ಸುದ್ದಿ ಹಬ್ಬಿ ನೂರಾರು ಜನ ಮೊಬೈಲ್ ಹಿಡಿದು ಸುತ್ತುವರಿದರೆ, ಹೊರದಾರಿ ಕಾಣದ ಕರಡಿ ಸಿಕ್ಕವರ ಮೇಲೆ ಎರಗುತ್ತದೆ. ಇಂತಹ ಸಂದರ್ಭದಲ್ಲಿ ಗುಂಪನ್ನು ಚದುರಿಸುವುದೇ ಅರ್ಧ ಕಾರ್ಯಾಚರಣೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಪೊಲೀಸರಿಗೆ 112ರಲ್ಲಿ ತಿಳಿಸಿ, ಮಕ್ಕಳನ್ನು ಮನೆಯೊಳಗಿಟ್ಟು, ಗುಡ್ಡದ ಕಡೆಗಿನ ದಾರಿಯನ್ನು ತೆರವಾಗಿ ಬಿಟ್ಟರೆ ಕತ್ತಲಾದ ಮೇಲೆ ಅದು ಹೊರಟುಹೋಗುವ ಸಾಧ್ಯತೆಯೇ ಹೆಚ್ಚು.

ಕಟ್ಟೆಯಿಲ್ಲದ ಹೊಲದ ಬಾವಿಗಳಿಗೆ ಕರಡಿ ಬೀಳುವುದುಂಟು. ಏಣಿಯನ್ನೋ ಉದ್ದನೆಯ ಮರದ ದಿಮ್ಮಿಯನ್ನೋ ಇಳಿಬಿಟ್ಟು ಜನರೆಲ್ಲ ದೂರ ಸರಿದರೆ ಅದು ತಾನೇ ಹತ್ತಿಬರಬಲ್ಲದು. ನೀರಿನಲ್ಲಿರುವ ಪ್ರಾಣಿಗೆ ಅರಿವಳಿಕೆ ನೀಡುವುದರ ಅಪಾಯವನ್ನು ಕೇರಳದ ಘಟನೆಯೊಂದು ತೋರಿಸಿಕೊಟ್ಟಿತು. 2023ರ ಏಪ್ರಿಲ್‌ನಲ್ಲಿ ತಿರುವನಂತಪುರ ಜಿಲ್ಲೆಯ ವೆಳ್ಳನಾಡಿನಲ್ಲಿ ಬಾವಿಗೆ ಬಿದ್ದಿದ್ದ ಕರಡಿಗೆ ಮದ್ದಿನ ಸೂಜಿ ಹೊಡೆದ ಬಳಿಕ ಅದು ಪ್ರಜ್ಞೆ ತಪ್ಪಿ ನೀರಿನಲ್ಲಿ ಮುಳುಗಿ ಸತ್ತಿತು.

ಕಾನೂನು ಮತ್ತು ಪರಿಹಾರ

ಸ್ಲಾತ್ ಕರಡಿಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಬೇಟೆಯಾಡಿದವರಿಗೆ ಕನಿಷ್ಠ ಮೂರು ವರ್ಷಗಳ ಸೆರೆವಾಸ ವಿಧಿಸಬಹುದು. ಮನುಷ್ಯನ ಜೀವಕ್ಕೆ ಅಪಾಯಕಾರಿಯಾದ ಪ್ರಾಣಿಯನ್ನು ಹಿಡಿಯಲು ಅಥವಾ ಅನಿವಾರ್ಯವಾದರೆ ಕೊಲ್ಲಲು ಆದೇಶಿಸುವ ಅಧಿಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮಾತ್ರ ಇದೆ. ಸದ್ಭಾವನೆಯಿಂದ, ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಮಾಡಿದ ಕೃತ್ಯವನ್ನು ಕಾಯ್ದೆಯು ಅಪರಾಧವೆಂದು ಪರಿಗಣಿಸುವುದಿಲ್ಲ. ಹಂದಿಗೆಂದು ಹೊಲದಂಚಿನಲ್ಲಿ ಇಡುವ ತಂತಿ ಉರುಳು ಮತ್ತು ಹರಿಸುವ ವಿದ್ಯುತ್ತಿಗೆ ಕರಡಿ ಸಿಕ್ಕಿದರೂ ಅದು ಬೇಟೆಯೇ ಆಗುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಈ ಜಾತಿಯನ್ನು ಅಪಾಯಕ್ಕೀಡಾಗಬಲ್ಲದ್ದು ಎಂದು ಗುರುತಿಸಲಾಗಿದೆ. ಬಾಂಗ್ಲಾದೇಶದಿಂದ ಇದು ಈಗಾಗಲೇ ಕಣ್ಮರೆಯಾಗಿದೆ.

ವನ್ಯಪ್ರಾಣಿಗಳಿಂದ ಸಾವು, ಅಂಗವೈಕಲ್ಯ, ಗಾಯ ಮತ್ತು ಬೆಳೆ ಹಾನಿ ಸಂಭವಿಸಿದಾಗ ರಾಜ್ಯ ಸರ್ಕಾರವು ಅರಣ್ಯ ಇಲಾಖೆಯ ಮೂಲಕ ಪರಿಹಾರ ನೀಡುತ್ತದೆ. ಇದಕ್ಕಾಗಿ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಬೇಗನೆ ದೂರು ನೀಡಿ, ಸ್ಥಳ ಪರಿಶೀಲನೆ ಮಾಡಿಸಿ, ವೈದ್ಯಕೀಯ ದಾಖಲೆಗಳನ್ನು ಸಲ್ಲಿಸಬೇಕಾಗುತ್ತದೆ. ಮುಖದ ಪುನರ್ರಚನೆಯ ಶಸ್ತ್ರಚಿಕಿತ್ಸೆ ಹಲವು ಹಂತಗಳಲ್ಲಿ ವರ್ಷಗಟ್ಟಲೆ ನಡೆಯುವಂಥದು. ಒಂದು ಬಾರಿಗೆ ಕೊಡುವ ಹಣ ಅದಕ್ಕೆ ಸಾಲುವುದು ಕಷ್ಟ.

ಇತರ ದೇಶಗಳೊಂದಿಗೆ ಹೋಲಿಕೆ

ನಗರಗಳ ಅಂಚಿಗೆ ಕರಡಿ ಬರುವ ಸಮಸ್ಯೆಯನ್ನು ಜಪಾನ್ ತೀವ್ರವಾಗಿ ಎದುರಿಸುತ್ತಿದೆ. ಅಲ್ಲಿನ ಹೊಕ್ಕೈಡೊ ದ್ವೀಪದಲ್ಲಿ ಕಂದು ಕರಡಿಯೂ ಹೊನ್ಶು ದ್ವೀಪದಲ್ಲಿ ಏಷ್ಯಾದ ಕಪ್ಪು ಕರಡಿಯೂ ಇವೆ. 2023ರ ಆರ್ಥಿಕ ವರ್ಷದಲ್ಲಿ 219 ಜನ ದಾಳಿಗೊಳಗಾಗಿ 6 ಜನ ಮೃತಪಟ್ಟರು; ಅಕಿಟಾ ಪ್ರಾಂತವು ಅತಿ ಹೆಚ್ಚು ಬಾಧಿತವಾದವುಗಳಲ್ಲಿ ಒಂದು. ಬೀಚ್, ಓಕ್ ಮರಗಳ ಕಾಯಿ ಫಲ ಕೈಕೊಟ್ಟ ವರ್ಷ, ಚಳಿಗಾಲದ ನಿದ್ರೆಗೆ ಮುನ್ನ ಕೊಬ್ಬು ಶೇಖರಿಸಬೇಕಾದ ಕರಡಿಗಳು ಶರತ್ಕಾಲದಲ್ಲಿ ಊರುಗಳಿಗೆ ಇಳಿಯುತ್ತವೆ. ಹಳ್ಳಿಗಳಲ್ಲಿ ಜನ ಕಡಿಮೆಯಾಗಿ ಪಾಳುಬಿದ್ದ ಹೊಲಗಳು ಕಾಡಾಗಿರುವುದು ಅಲ್ಲಿನ ಇನ್ನೊಂದು ಕಾರಣ. ಬಯಲುಸೀಮೆಯಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಜನರೂ ಬೇಸಾಯವೂ ಗುಡ್ಡದ ಕಡೆಗೆ ಒತ್ತಿಕೊಂಡು ಹೋಗಿರುವುದೇ ಕಾರಣ. ಜಪಾನ್ ತನ್ನ ಕಾನೂನಿಗೆ ತಿದ್ದುಪಡಿ ತಂದು 2025ರ ಸೆಪ್ಟೆಂಬರ್‌ನಿಂದ ಜನವಸತಿಯ ನಡುವೆಯೂ ತುರ್ತಾಗಿ ಗುಂಡು ಹಾರಿಸಲು ಸ್ಥಳೀಯ ಆಡಳಿತಗಳಿಗೆ ಅವಕಾಶ ಕೊಟ್ಟಿದೆ. ಹಣ್ಣಿನ ಮರಗಳನ್ನು ಕಾಲಕ್ಕೆ ಸರಿಯಾಗಿ ಕೊಯ್ಯುವುದು, ಊರಂಚಿನ ಪೊದೆ ಸವರುವುದು, ಮಕ್ಕಳ ಶಾಲಾಚೀಲಕ್ಕೆ ಗಂಟೆ ಕಟ್ಟುವುದು ಮುಂತಾದ ಅಲ್ಲಿನ ಸರಳ ಕ್ರಮಗಳು ಮಾತ್ರ ಇಲ್ಲಿಗೂ ಒಗ್ಗುವಂಥವು.

ಕರಡಿ ಕುಣಿತ ಮತ್ತು ಪುನರ್ವಸತಿ

ಕರಡಿಯ ಮೂತಿಗೆ ಹಗ್ಗ ಪೋಣಿಸಿ ಊರೂರು ಸುತ್ತಿ ಕುಣಿಸುವುದು ಕಲಂದರ್ ಸಮುದಾಯದ ಹಳೆಯ ಕಸುಬಾಗಿತ್ತು. ಕರಡಿಯ ಕೂದಲನ್ನು ತಾಯಿತದಲ್ಲಿ ಕಟ್ಟಿಸಿಕೊಂಡರೆ, ಮಗುವನ್ನು ಅದರ ಬೆನ್ನ ಮೇಲೆ ಕೂರಿಸಿದರೆ ಹೆದರಿಕೆ ಬಿಡುತ್ತದೆಂಬ ನಂಬಿಕೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿಯೂ ಇತ್ತು. ಈ ಕಸುಬಿಗಾಗಿ ತಾಯಿಯನ್ನು ಕೊಂದು ಮರಿಗಳನ್ನು ಹಿಡಿಯಲಾಗುತ್ತಿತ್ತು. 1972ರ ಕಾಯ್ದೆಯಿಂದ ಇದು ಕಾನೂನುಬಾಹಿರವಾದರೂ ದಶಕಗಳ ಕಾಲ ಮುಂದುವರಿಯಿತು. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯು ಕಲಂದರರಿಗೆ ಬದಲಿ ಜೀವನೋಪಾಯ ಒದಗಿಸುತ್ತ ಆರುನೂರಕ್ಕೂ ಹೆಚ್ಚು ಕರಡಿಗಳನ್ನು ಬಿಡಿಸಿತು. ಕೊನೆಯದೆಂದು ಗುರುತಿಸಲಾದ 'ರಾಜು' ಎಂಬ ಕರಡಿಯನ್ನು 2009ರ ಡಿಸೆಂಬರ್‌ನಲ್ಲಿ ಒಪ್ಪಿಸಿಕೊಂಡು ಬೆಂಗಳೂರು ಬಳಿಯ ಬನ್ನೇರುಘಟ್ಟ ಕರಡಿ ಪುನರ್ವಸತಿ ಕೇಂದ್ರಕ್ಕೆ ಸೇರಿಸಲಾಯಿತು. 2022ರಿಂದ ಅಕ್ಟೋಬರ್ 12ನ್ನು ವಿಶ್ವ ಸ್ಲಾತ್ ಕರಡಿ ದಿನವನ್ನಾಗಿ ಆಚರಿಸಲಾಗುತ್ತಿದೆ.

ಜನಪದದಲ್ಲಿ

ರಾಮಾಯಣದ ಕಿಷ್ಕಿಂಧೆಯೆಂದು ಜನ ನಂಬುವ ಆನೆಗೊಂದಿ–ಹಂಪಿ ಸೀಮೆಯು ಇಂದಿಗೂ ಕರಡಿಗಳ ನೆಲೆಯಾಗಿರುವುದರಿಂದ ಅಲ್ಲಿನವರು ಅವನ್ನು ಜಾಂಬವಂತನೊಂದಿಗೆ ಸಂಬಂಧ ಕಲ್ಪಿಸಿ ಹೇಳುವುದುಂಟು. 'ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ' ಎಂಬ ಗಾದೆಯಲ್ಲಿ ಬರುವ ಕರಡಿ ಪ್ರಾಣಿಯಲ್ಲ, ಕರಡೆ ಎಂಬ ವಾದ್ಯ ಎಂಬ ವಿವರಣೆಯೂ ಇದೆ. ಬಾಗಲಕೋಟೆ, ಬೆಳಗಾವಿ ಭಾಗದ ಜಾತ್ರೆಗಳಲ್ಲಿ ಮೇಳ ಕಟ್ಟಿ ನುಡಿಸುವ ಕರಡಿ ಮಜಲು ಕೂಡ ಚರ್ಮವಾದ್ಯಕ್ಕೆ ಸಂಬಂಧಿಸಿದ್ದೇ ಹೊರತು ಈ ಪ್ರಾಣಿಗಲ್ಲ.